ಸರ್ಕಾರಿ ಶಾಲೆ ಮಕ್ಕಳನ್ನು ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋಗುವುದು: ನನ್ನ ಅನುಭವ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಯಾವಾಗ ನೋಡಿದರೂ ಸ್ಕೂಲ್ ಬಸ್ಸುಗಳು ನಿಂತಿರುತ್ತವೆ. ಮಕ್ಕಳು ಡೈನೋಸಾರ್ ನೋಡುತ್ತಾರೆ, ಕಬ್ಬನ್ ಪಾರ್ಕಿನಲ್ಲಿ ಪುಳಿಯೋಗರೆ ತಿನ್ನುತ್ತಾರೆ, ವಾಪಸ್ ಹೊರಡುತ್ತಾರೆ. ಅದೇ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ ಅನ್ನುವ ಸರ್ಕಾರಿ ಆರ್ಟ್ ಗ್ಯಾಲರಿ ಇದೆ. ಅದನ್ನು ನೋಡಲು ಅಂತ ಬಂದ ಶಾಲಾ ಬಸ್ಸನ್ನು ನಾನು ಕಂಡಿದ್ದು ಬಹಳ ಅಪರೂಪ.

2016ರಲ್ಲಿ ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ಯೋಜನೆ ವಿರುದ್ಧ ಕಲಾವಿದರು ಬೀದಿಗಿಳಿದಾಗ ನಾನೂ ಹೋಗಿ ನಿಂತಿದ್ದೆ. ಇದು ಜನರ ಆಸ್ತಿ, ಇಲ್ಲಿ ಕಡಿಮೆ ಬಾಡಿಗೆಗೆ ಹಾಲ್ ಸಿಗುವುದರಿಂದಲೇ ಹೊಸ ಹುಡುಗರು ಮೊದಲ ಪ್ರದರ್ಶನ ಮಾಡಲು ಆಗುತ್ತಿದೆ ಅಂತ ವಾದ ಮಾಡುತ್ತಿದ್ದೆವು. ವಾದ ಸರಿಯಾಗಿಯೇ ಇತ್ತು. ಕೊನೆಗೆ ಸರ್ಕಾರ ಹಿಂದೆ ಸರಿಯಿತು. ಆದರೆ ಸುತ್ತ ನೋಡಿದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ಗೊತ್ತಿದ್ದವರು, ಅಲ್ವಾ? ನಾನು ಪಾಠ ಮಾಡುವ ಶಾಲೆಯ ಒಂದು ಮಗುವಿಗೂ, ಅದರ ಅಪ್ಪ ಅಮ್ಮನಿಗೂ ಆ ಕಟ್ಟಡ ಏನು ಅಂತ ಗೊತ್ತಿರಲಿಲ್ಲ. ಅಲ್ಲಿಂದ ಶುರು ಮಾಡಿದ ಕೆಲಸ ಇದು. ಚಿತ್ರಕಲೆ ಟೀಚರ್ ಆಗಿ ಸಿಗುವ ಬಿಡುವಿನಲ್ಲಿ ಮಾಡುತ್ತೇನೆ.

ಮೊದಲು ನಾನು ಒಬ್ಬಳೇ ಹೋಗಿ ಗೇಟಿನ ಸೆಕ್ಯುರಿಟಿ ಅಣ್ಣಂದಿರ ಹತ್ತಿರ ಮಾತಾಡುತ್ತೇನೆ. ಮಕ್ಕಳನ್ನು ಗದರಿಸುವವರು ಅವರೇ, ನಿಜ. ಆದರೆ ಯಾರಾದರೂ ಚಿತ್ರ ಮುಟ್ಟಿದರೆ ಬೈಸಿಕೊಳ್ಳುವವರೂ ಅವರೇ. ಇಂಥ ದಿನ, ಇಷ್ಟು ಮಕ್ಕಳು, ಚಪ್ಪಲಿ ಎಲ್ಲಿ, ಬ್ಯಾಗ್ ಎಲ್ಲಿ ಅಂತ ಮೊದಲೇ ಮಾತಾಡಿಕೊಂಡರೆ ಆ ದಿನ ಅವರೇ ಎದುರು ಬಂದು ಕರೆದುಕೊಂಡು ಹೋಗುತ್ತಾರೆ. ಗ್ಯಾಲರಿಯ ಚಿತ್ರಗಳ ಉಸ್ತುವಾರಿ ನೋಡುವ ಕ್ಯುರೇಟರ್‌ಗೆ ಕಳಿಸುವ ಇಮೇಲ್‌ಗಿಂತ ಈ ಮಾತು ಜಾಸ್ತಿ ಕೆಲಸ ಮಾಡುತ್ತದೆ.

ಮುಟ್ಟಬೇಡಿ ಅಂದರೆ ಮಕ್ಕಳು ಕೇಳುವುದಿಲ್ಲ. ಕಾರಣ ತೋರಿಸಬೇಕು. ಹೋಗುವ ಮುಂಚಿನ ವಾರ ಹುಣಸೆಹಣ್ಣಿನಲ್ಲಿ ಉಜ್ಜಿದ ಒಂದು ಹಿತ್ತಾಳೆ ತಟ್ಟೆಯನ್ನು ಕ್ಲಾಸಿಗೆ ತರುತ್ತೇನೆ. ತಟ್ಟೆಯ ಅರ್ಧ ಭಾಗದ ಮೇಲೆ ಎಲ್ಲರೂ ದಿನಾ ಬೆರಳು ಒತ್ತಬೇಕು, ಇನ್ನರ್ಧ ಯಾರೂ ಮುಟ್ಟಬಾರದು. ಕೆಲವೇ ದಿನಗಳಲ್ಲಿ ಬೆವರಿನ ಉಪ್ಪಿಗೆ ಒಂದು ಕಡೆ ಕಪ್ಪು ಗುರುತುಗಳು ಏಳುತ್ತವೆ. ಆಮೇಲೆ ಗ್ಯಾಲರಿಯಲ್ಲಿ ನಾನು ಬಾಯಿ ಬಿಡುವ ಹಾಗೇ ಇಲ್ಲ, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಎಳೆಯುತ್ತಾರೆ.

ಮೊದಲ ಭೇಟಿ ಚಿತ್ರಕಲಾ ಪರಿಷತ್ತಿಗೆ. ಅಲ್ಲಿ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರ ಕಾಲದಲ್ಲಿ ಕೂಡಿಟ್ಟ ತೊಗಲುಗೊಂಬೆಗಳಿವೆ. ನಮ್ಮ ಶಾಲೆಯಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ರಾವಣನನ್ನು ಗುರುತು ಹಿಡಿಯಲು ಅವರಿಗೆ ಯಾರೂ ಬೇಕಿಲ್ಲ. ನನಗೇ ಹೇಳಿಕೊಡುತ್ತಾರೆ. ಗ್ಯಾಲರಿ ಅಂದರೆ ತಮಗೂ ಮಾತಾಡಲು ಬರುವ ಜಾಗ ಅಂತ ಅನಿಸಿದ ಮೇಲೆಯೇ ಮುಂದಿನದು.

ಮುಂದಿನದು ಅಂದರೆ ವಸಂತನಗರದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 2009ರಲ್ಲಿ ಶುರುವಾದದ್ದು. ಮಾಣಿಕ್ಯವೇಲು ಮ್ಯಾನ್ಷನ್ ಅನ್ನುವ ಹಳೆಯ ಬಂಗಲೆ, ಪಕ್ಕಕ್ಕೆ ಹೊಸ ಕಟ್ಟಡ, ಸುತ್ತ ದೊಡ್ಡ ಮರಗಳು. ಮೈಸೂರು ಯುವರಾಜರ ಬಂಗಲೆ ಆಗಿತ್ತು, ಆಮೇಲೆ ಗಣಿಯಲ್ಲಿ ದುಡ್ಡು ಮಾಡಿದ ಮೊದಲಿಯಾರ್ ಒಬ್ಬರದ್ದಾಯಿತು ಅಂತ ಹೇಳಿದರೆ ಮಕ್ಕಳು ಚಿತ್ರಗಳಿಗಿಂತ ಮೊದಲು ಮೆಟ್ಟಿಲು, ಕಿಟಕಿ ನೋಡುತ್ತಾರೆ. ನೋಡಲಿ.

ಒಳಗೆ ಮೂರೇ ಚಿತ್ರ. ಇಡೀ ಗ್ಯಾಲರಿ ತೋರಿಸಲು ಹೋದರೆ ಕಾಲು ನೋವು ಬಿಟ್ಟು ಏನೂ ಉಳಿಯುವುದಿಲ್ಲ. ಚಿತ್ರದ ಮುಂದೆ ನೆಲದ ಮೇಲೆ ಕೂರುತ್ತೇವೆ, ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಆಮೇಲೆ ನನ್ನದು ಎರಡೇ ಪ್ರಶ್ನೆ: ಏನು ಕಾಣಿಸ್ತಿದೆ? ಎಲ್ಲಿ ಕಾಣಿಸ್ತು, ಕೈ ತೋರಿಸಿ ಹೇಳಿ. ಇದರ ಅರ್ಥ ಏನು ಅಂತ ಕೇಳಿದರೆ ಮುಗಿಯಿತು, ಎಲ್ಲರೂ ಟೀಚರ್ ಮುಖ ನೋಡಲು ಶುರು ಮಾಡುತ್ತಾರೆ. ಬರೀ ಕಂದು, ಕಪ್ಪು ಬಣ್ಣದ ಪದರಗಳಿದ್ದ ಒಂದು ಅಮೂರ್ತ ಚಿತ್ರದ ಮುಂದೆ, ರಸ್ತೆ ಕೆಲಸ ಮಾಡುವವರ ಹುಡುಗ ಒಬ್ಬ "ಟಾರು ಹಾಕೋಕೆ ಮುಂಚೆ ರಸ್ತೆ ಹಿಂಗೇ ಇರ್ತದ ಮಿಸ್" ಅಂದ. ಯಾವ ಪದರ ಮೊದಲು ಬಿದ್ದಿದೆ, ಯಾವುದು ಆಮೇಲೆ, ಎಲ್ಲಿ ಕೆರೆದಿದ್ದಾರೆ ಎಲ್ಲ ತೋರಿಸಿದ. ಆರ್ಟ್ ಕಾಲೇಜಿನಲ್ಲಿ ಓದಿದ ನನಗೆ ಆ ಕೆರೆದ ಜಾಗ ಅಷ್ಟು ಹೊತ್ತೂ ಕಂಡಿರಲಿಲ್ಲ.

"ಇದಕ್ಕೆ ಎಷ್ಟು ಮಿಸ್?" ಇದು ಪ್ರತಿ ಸಲ ಬರುವ ಪ್ರಶ್ನೆ. ಕಲೆಗೆ ಬೆಲೆ ಕಟ್ಟಬಾರದು ಅಂತ ಜಾರಿಕೊಳ್ಳುವುದು ನನಗೆ ಇಷ್ಟವಿಲ್ಲ. ಗೋಡೆ ಮೇಲಿರುವುದು ಮಾರಾಟಕ್ಕಿಲ್ಲ, ಆದರೆ ಹೊರಗೆ ಹರಾಜಿನಲ್ಲಿ ಇಂಥವರ ಚಿತ್ರಗಳು ಕೋಟಿಗೆ ಹೋಗುತ್ತವೆ ಅಂತ ಹೇಳುತ್ತೇನೆ. ಆ ದುಡ್ಡು ಯಾರಿಗೆ ಅಂತ ಅವರು ಕೇಳುತ್ತಾರೆ. ಮರುಮಾರಾಟದಲ್ಲಿ ಕಲಾವಿದರಿಗೂ ಪಾಲು ಇದೆ ಅಂತ ಕಾಪಿರೈಟ್ ಕಾಯ್ದೆ ಹೇಳುತ್ತದೆ, ಆದರೆ ಅದು ಕೈಗೆ ಬರುವುದು ಅಷ್ಟಕ್ಕಷ್ಟೆ. ಇದು ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೇಸ್ತ್ರಿ ಕೂಲಿ ಹಿಡಿದುಕೊಳ್ಳುವುದನ್ನು ಮನೆಯಲ್ಲೇ ನೋಡಿದವರು.

ಅಮ್ಮಂದಿರು ಬೇರೆ ವಿಷಯ. ಅವರಿಗೆ ಬಿಡುವು ಸಿಕ್ಕರೆ ಭಾನುವಾರ ಮಧ್ಯಾಹ್ನ ಮಾತ್ರ. ಅವರನ್ನು ಮೊದಲು ಕರೆದುಕೊಂಡು ಹೋಗುವುದು ಚಿತ್ರಸಂತೆಗೆ. ಪರಿಷತ್ತು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನಡೆಸುತ್ತಿದೆ, ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿಬಿಡುತ್ತಾರೆ. ಟಿಕೆಟ್ ಇಲ್ಲ, ಚಿತ್ರ ಬರೆದವರೇ ಪಕ್ಕದಲ್ಲಿ ನಿಂತಿರುತ್ತಾರೆ, ಏನು ಬೇಕಾದರೂ ಕೇಳಬಹುದು. ನನ್ನ ಕೆಲವು ಕಲಾವಿದ ಗೆಳೆಯರು ಸಂತೆ ಅಂದರೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಆದರೆ ಸಂತೆಯಲ್ಲಿ ಮಾರಾಟವಾಗುವುದೇ ಕಣ್ಣಿಗೆ ಬೀಳುವುದು ಜಾಸ್ತಿ: ಬುದ್ಧ, ಗಣೇಶ, ಓಡುವ ಕುದುರೆ. ಮಾರಾಟವಾಗದ್ದನ್ನು ಜೋಪಾನ ಮಾಡಿ ತೋರಿಸಲು ಗ್ಯಾಲರಿಯೇ ಬೇಕು, ಅದಕ್ಕೇ ನಾವು ತೆರಿಗೆ ಕೊಡುವುದು. ಮಾಣಿಕ್ಯವೇಲು ಬಂಗಲೆಗೆ ಬಂದಾಗ ಮನೆಗೆಲಸಕ್ಕೆ ಹೋಗುವ ಒಬ್ಬ ಅಮ್ಮ ಕೇಳಿದ್ದು, "ಇಷ್ಟು ದೊಡ್ಡ ಮನೆ ನೆಲ ಒರೆಸೋಕೆ ಆಗ ಎಷ್ಟು ಜನ ಇದ್ರೋ?" ಗೋಡೆಯ ಮಾಹಿತಿ ಫಲಕಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಇರಲಿಲ್ಲ.

ಗ್ಯಾಲರಿಗಳ ಜೊತೆ ಜಗಳವೂ ಆಗಿದೆ. ಒಂದು ಕಡೆ, ಹೆಸರು ಬೇಡ, ಒಂದೇ ಸಲಕ್ಕೆ ಇನ್ನೂರು ಮಕ್ಕಳನ್ನು ತನ್ನಿ ಅಂದರು. ವಾರ್ಷಿಕ ವರದಿಗೆ ಫೋಟೋ ಬೇಕಿತ್ತು. ಒಂದು ಬ್ಯಾಚಿಗೆ ಇಪ್ಪತ್ತೈದಕ್ಕಿಂತ ಜಾಸ್ತಿ ಆಗುವುದಿಲ್ಲ ಅಂದೆ. ಮಾತು ಬೆಳೆಯಿತು. ಕೊನೆಗೆ ಮಕ್ಕಳು ಬ್ಯಾಚ್ ಬ್ಯಾಚಾಗಿಯೇ ಬಂದರು. ಇವತ್ತಿಗೂ ನನ್ನ ತಕರಾರು ಇದೇ: ಉದ್ಘಾಟನೆ ದಿನದ ತಿಂಡಿಗೆ, ಹೂಗುಚ್ಛಕ್ಕೆ ಬಜೆಟ್ ಇರುತ್ತದೆ, ಮಕ್ಕಳ ಬಸ್ಸಿಗೆ ಇರುವುದಿಲ್ಲ.

ಮಾಡಬೇಕು ಅಂತಿರುವ ಟೀಚರ್‌ಗಳಿಗೆ ಇನ್ನು ಕೆಲವು ವಿಷಯ. ನಗ್ನ ಚಿತ್ರಗಳಿದ್ದರೆ ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿ, ಆಮೇಲೆ ಗೊತ್ತಾದರೆ ಮುಂದಿನ ವರ್ಷ ಅನುಮತಿ ಸಿಗುವುದಿಲ್ಲ. ಸೋಮವಾರ ಗ್ಯಾಲರಿಗಳಿಗೆ ಸಾಮಾನ್ಯವಾಗಿ ರಜೆ, ವಿಚಾರಿಸಿಕೊಂಡು ಹೊರಡಿ. ಬಸ್ ಸಿಗದಿದ್ದರೆ ಮೆಟ್ರೋ ಇದೆ, ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಕಸ್ತೂರಬಾ ರಸ್ತೆಗೆ ನಡೆದೇ ಹೋಗಬಹುದು. ಎಸ್ಕಲೇಟರ್ ಹತ್ತುವುದಕ್ಕೆ, ಇಳಿಯುವುದಕ್ಕೆ, ಮತ್ತೆ ಹತ್ತುವುದಕ್ಕೆ ಅಂತ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.