ದೊಡ್ಡ ಚಕ್ರದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋಗುವ ಮಣ್ಣುರಸ್ತೆಯ ನಡುವಿನ ದಿಂಡಿಗೆ ಕಾರಿನ ತಳ ಉಜ್ಜುತ್ತಿತ್ತು. ಹದಿನೈದು ಇಂಚಿನ ಚಕ್ರ ಹಾಕಿಸಿದರೆ ಕಾರು ಏರುತ್ತದೆ ಎಂದು ಬಂದವರೆಲ್ಲ ಹೇಳಿದರು. ಲೆಕ್ಕ ಹಾಕಿದೆ. ಮೂಲ ಟೈರು 165/80 ಆರ್14, ಅಂದರೆ ಅಗಲ 165 ಮಿ.ಮೀ., ರಿಮ್ 14 ಇಂಚು. ಅಗಲದ ಶೇ. 80 ಎಂದರೆ ಪಕ್ಕದ ಎತ್ತರ 132 ಮಿ.ಮೀ.; ರಿಮ್ಮಿಗೆ ಮೇಲಿನ ಕೆಳಗಿನ ಎರಡೂ ಪಕ್ಕ ಸೇರಿಸಿದರೆ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಎಲ್ಲರೂ ಹೊಗಳಿದ 185/65 ಆರ್15ರ ವ್ಯಾಸ 621.5! ರಿಮ್ ಹಿಗ್ಗಿದಷ್ಟೂ ರಬ್ಬರು ಕುಗ್ಗಿದೆ. ನೋಟಕ್ಕೆ ಚೆಂದ, ಅಷ್ಟೇ.

185/70 ಆರ್15 ಹಾಕಿಸಿದೆ. ವ್ಯಾಸ 640; ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ಕಾರನ್ನು ಎತ್ತುತ್ತದೆ, ಅಂದರೆ 10 ಮಿ.ಮೀ. ನಮ್ಮ ದಿಂಡಿಗೆ ಅದು ಸಾಕಾಯಿತು. ಜನ ತುಂಬಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರು ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಸ್ಪೀಡೋಮೀಟರ್ ಮಾತ್ರ ಮೊದಲಿಗಿಂತ ಶೇ. 3ರಷ್ಟು ಕಡಿಮೆ ತೋರಿಸುತ್ತಿದೆ.