ವಿಮಾನ ಯಾಕೆ ಹೋಗಲಿಲ್ಲ ಎಂಬುದನ್ನು ಬರಹದಲ್ಲಿ ಪಡೆಯುವುದು

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿಗೆ ಹಾರಾಟ ಹೆಚ್ಚುಕಡಿಮೆ ಒಂದು ಗಂಟೆಯದು. ಅದಕ್ಕಾಗಿ ನಾಲ್ಕೈದು ಗಂಟೆ ಕಾದು, ಕೊನೆಗೆ ‘ಕ್ಯಾನ್ಸಲ್’ ಎಂಬ ಮಾತು ಕೇಳಿ ಬರಿಗೈಲಿ ಹೊರಬರುವವರು ಬಹಳ ಜನ. ಪರಿಹಾರ ಸಿಗುವುದೂ ಸಿಗದಿರುವುದೂ ವಿಮಾನ ಯಾವ ಕಾರಣಕ್ಕೆ ಹೋಗಲಿಲ್ಲ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಆ ಕಾರಣವನ್ನು ಅಲ್ಲೇ, ಆಗಲೇ ಬರಹದಲ್ಲಿ ಪಡೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಈ ಕೆಲಸ ಟಿಕೆಟ್ ಕೊಳ್ಳುವಾಗಲೇ ಶುರು. ಏಜೆಂಟರು ಬುಕ್ ಮಾಡಿದರೆ ಎಷ್ಟೋ ಸಲ ತಮ್ಮದೇ ಮೊಬೈಲ್ ನಂಬರ್ ಹಾಕಿರುತ್ತಾರೆ. ವಿಮಾನ ರದ್ದಾದ ಸಂದೇಶ ಅವರಿಗೆ ಹೋಗುತ್ತದೆ, ನಮಗೆ ತಿಳಿಯುವುದು ಚೆಕ್‌ಇನ್ ಕೌಂಟರಿನಲ್ಲಿ. ಅಷ್ಟೇ ಅಲ್ಲ, ಸಂಪರ್ಕದ ವಿವರ ಕೊಡದ ಪ್ರಯಾಣಿಕರಿಗೆ ರದ್ದತಿಯ ಪರಿಹಾರ ಇಲ್ಲ ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ಪಿಎನ್‌ಆರ್ ಕೈಗೆ ಬಂದ ಕೂಡಲೇ ವಿಮಾನ ಸಂಸ್ಥೆಯ ವೆಬ್‌ಸೈಟಿಗೆ ಹೋಗಿ ನನ್ನ ನಂಬರ್, ಇಮೇಲ್ ಎರಡನ್ನೂ ಸೇರಿಸುತ್ತೇನೆ.

ಇನ್ನು ತಾರೀಕು. ವಿಮಾನಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ ಶುರುವಾಗುತ್ತದೆ. ಸಣ್ಣ ಊರುಗಳ ಮಾರ್ಗಗಳನ್ನು ಕೈಬಿಡುವುದು, ಸಮಯ ಬದಲಿಸುವುದು ಹೆಚ್ಚಾಗಿ ಆಗಲೇ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯ ಮಾರ್ಗಗಳಿಗೆ ಸಹಾಯಧನ ಮೂರು ವರ್ಷದ್ದು, ಅದು ಮುಗಿದ ಮೇಲಂತೂ ಖಾತರಿ ಇನ್ನೂ ಕಡಿಮೆ. ಏಪ್ರಿಲ್‌ನಲ್ಲಿ ಮದುವೆ ಇದೆಯೆಂದು ಜನವರಿಯಲ್ಲೇ ಟಿಕೆಟ್ ತೆಗೆದರೆ, ಹೊಸ ವೇಳಾಪಟ್ಟಿ ಬಂದ ವಾರ ಅದರ ಸಮಯವನ್ನು ಇನ್ನೊಮ್ಮೆ ನೋಡಬೇಕು. ಎರಡು ವಾರ ಮೊದಲೇ ತಿಳಿಸಿ ರದ್ದು ಮಾಡಿದರೆ ಬದಲಿ ವಿಮಾನ ಅಥವಾ ಕೊಟ್ಟ ಹಣ, ಅದರ ಮೇಲೆ ಪರಿಹಾರ ಇಲ್ಲ.

ದಿನದ ಕೊನೆಯ ವಿಮಾನವನ್ನು ನಾನು ತೆಗೆದುಕೊಳ್ಳುವುದಿಲ್ಲ. ಒಂದೇ ಎಟಿಆರ್ (ಸಣ್ಣ ಊರುಗಳಿಗೆ ಹಾರುವ ಪ್ರೊಪೆಲ್ಲರ್ ವಿಮಾನ) ಬೆಳಿಗ್ಗೆಯಿಂದ ರಾತ್ರಿವರೆಗೆ ಊರೂರು ಸುತ್ತುತ್ತಿರುತ್ತದೆ, ಬೆಳಗಿನ ಅರ್ಧ ಗಂಟೆಯ ತಡ ಸಂಜೆಗೆ ಎರಡು ಗಂಟೆಯಾಗಿರುತ್ತದೆ. ಆಮೇಲೆ ಪೈಲಟ್‌ಗಳ ಕೆಲಸದ ಅವಧಿ ಮುಗಿಯುತ್ತದೆ, ಅಥವಾ ಆಚೆ ಊರಿನ ನಿಲ್ದಾಣ ಮುಚ್ಚುವ ಹೊತ್ತಾಗುತ್ತದೆ. ಸಣ್ಣ ನಿಲ್ದಾಣಗಳು ಗೊತ್ತುಪಡಿಸಿದ ಹೊತ್ತು ಮಾತ್ರ ಕೆಲಸ ಮಾಡುತ್ತವೆ. ಹಾಗೆಂದು ಬೆಳಗಿನ ಮೊದಲ ವಿಮಾನವೂ ಎಲ್ಲ ಊರಿಗೂ ಸರಿಹೋಗುವುದಿಲ್ಲ. ಮಂಜು, ಮಳೆಮೋಡ ಕವಿಯುವ ಮಲೆನಾಡಿನ ಕಡೆ, ಐಎಲ್‌ಎಸ್ (ಕಣ್ಣಿಗೆ ಸರಿಯಾಗಿ ಕಾಣದಾಗ ಇಳಿಯಲು ದಾರಿ ತೋರುವ ರೇಡಿಯೊ ವ್ಯವಸ್ಥೆ) ಇಲ್ಲದ ನಿಲ್ದಾಣದಲ್ಲಿ ಇಳಿಯಬೇಕಾದರೆ ಹೆಚ್ಚು ದೂರದವರೆಗೆ ಸ್ಪಷ್ಟವಾಗಿ ಕಾಣಬೇಕು. ಹತ್ತು ಗಂಟೆಯ ಮೇಲಿನದು ನನ್ನ ಆಯ್ಕೆ.

ಹೊರಡುವ ದಿನ ಮನೆ ಬಿಡುವ ಮೊದಲು ವಿಮಾನಗಳು ಎಲ್ಲಿವೆ ಎಂದು ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ನಮ್ಮ ವಿಮಾನದ ನೋಂದಣಿ ಸಂಖ್ಯೆ ಹುಡುಕುತ್ತೇನೆ, ಅದು ‘ವಿಟಿ’ ಎಂದು ಶುರುವಾಗುತ್ತದೆ. ಅದನ್ನು ಒತ್ತಿದರೆ ಆ ವಿಮಾನ ಬೆಳಿಗ್ಗೆಯಿಂದ ಎಲ್ಲೆಲ್ಲಿ ಎಷ್ಟು ತಡವಾಗಿದೆ ಎಂದು ಕಾಣುತ್ತದೆ. ನಮ್ಮ ವಿಮಾನ ಇನ್ನೂ ಬೇರೆ ಊರಿನಲ್ಲೇ ನಿಂತಿದ್ದರೆ ಬೋರ್ಡಿನಲ್ಲಿ ‘ಆನ್ ಟೈಮ್’ ಎಂದಿದ್ದರೂ ತಡವಾಗುವ ಸಾಧ್ಯತೆಯೇ ಹೆಚ್ಚು. ಆದರೂ ಚೆಕ್‌ಇನ್‌ಗೆ ಟಿಕೆಟ್‌ನಲ್ಲಿರುವ ಹೊತ್ತಿಗೇ ಹೋಗುತ್ತೇನೆ. ಬದಲಿ ವಿಮಾನ ಸಿಕ್ಕಿಬಿಟ್ಟರೆ ಬರೆದ ಸಮಯಕ್ಕೇ ಹೊರಡಬಹುದು. ಕೆಂಪೇಗೌಡ ನಿಲ್ದಾಣದಲ್ಲಿ ಟಿ1, ಟಿ2 ಯಾವುದು ಎಂದೂ ಟಿಕೆಟ್ ನೋಡಿಯೇ ಹೊರಡಬೇಕು.

ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಏಳು ಕೆಜಿ ಮಿತಿಯೊಳಗಿರುವ ಟ್ರಾಲಿಯನ್ನೂ ವಿಮಾನದ ಹತ್ತಿರವೇ ತೆಗೆದುಕೊಂಡು ಚೆಕ್‌ಇನ್ ಸಾಮಾನಿನ ಜೊತೆ ಹಾಕುತ್ತಾರೆ. ಪವರ್ ಬ್ಯಾಂಕ್ ಅಲ್ಲಿಗೆ ಹೋಗುವಂತಿಲ್ಲ, ಔಷಧಿ, ಒಡವೆ ಹೋಗಬಾರದು. ಇವನ್ನೆಲ್ಲ ಒಂದು ಬಟ್ಟೆ ಚೀಲದಲ್ಲಿ ಕಟ್ಟಿ ಟ್ರಾಲಿಯ ಮೇಲ್ಗಡೆಯೇ ಇಟ್ಟರೆ ಒಂದೇ ಸಲಕ್ಕೆ ಕೈಗೆ ತೆಗೆದುಕೊಳ್ಳಬಹುದು. ಚೆಕ್‌ಇನ್ ಬ್ಯಾಗಿಗೆ ಒಣ ಕೊಬ್ಬರಿ ಹಾಕಬೇಡಿ. ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳಬಹುದೆಂದು ಅದಕ್ಕೆ ನಿಷೇಧವಿದೆ. ವಯಸ್ಸಾದವರು ಜೊತೆಗಿದ್ದರೆ ಹಿಂದಿನ ಸಾಲಿನ ಸೀಟು ತೆಗೆದುಕೊಳ್ಳಿ, ಎಟಿಆರ್ ಹತ್ತುವ ಬಾಗಿಲು ಹಿಂದುಗಡೆ ಇದೆ.

ಈಗ ತಡವಾದಾಗ. ಇದಕ್ಕಿರುವುದು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ, ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4. ಇದರ ಪಿಡಿಎಫ್ ನನ್ನ ಮೊಬೈಲಿನಲ್ಲಿ ಸದಾ ಇರುತ್ತದೆ, ಕೌಂಟರಿನಲ್ಲಿ ಪುಟ ತೆರೆದು ತೋರಿಸಿದರೆ ಮಾತಿನ ಧಾಟಿ ಬದಲಾಗುತ್ತದೆ. ಎರಡೂವರೆ ಗಂಟೆಯೊಳಗಿನ ಪ್ರಯಾಣ 2 ಗಂಟೆ ತಡವಾಗುವುದಾದರೆ ಊಟ ಅಥವಾ ತಿಂಡಿ ಕೊಡಬೇಕು. 6 ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಮ್ಮದು. ಬದಲಿ ವಿಮಾನ ನಾಳೆಗೆ ಎಂದರೆ ರೈಲು ನೋಡಿಕೊಂಡು ಹಣವನ್ನೇ ಕೇಳುವುದು ಒಳ್ಳೆಯದು. ‘ಕ್ರೆಡಿಟ್ ಶೆಲ್’ (ಹಣದ ಬದಲು ಮುಂದಿನ ಟಿಕೆಟಿಗೆ ಬಳಸುವ ಜಮೆ) ಕೊಡುತ್ತೇವೆ ಎಂದರೆ ಒಪ್ಪಲೇಬೇಕೆಂದಿಲ್ಲ.

24 ಗಂಟೆ ಮೊದಲು ತಿಳಿಸದೆ ರದ್ದು ಮಾಡಿದರೆ ಟಿಕೆಟ್ ಹಣದ ಜೊತೆಗೆ ಪರಿಹಾರವೂ ಉಂಟು. ಒಂದು ಗಂಟೆವರೆಗಿನ ಪ್ರಯಾಣಕ್ಕೆ 5,000 ರೂ., ಒಂದರಿಂದ ಎರಡು ಗಂಟೆಯದಕ್ಕೆ 7,500 ರೂ. ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೂಲ ದರ, ಇಂಧನ ಶುಲ್ಕ ಸೇರಿ 2,400 ಇದ್ದರೆ ಸಿಗುವುದೂ ಅಷ್ಟೇ. ಪೂರ್ತಿ 7,500 ಎಂದು ಕೇಳಿ ಅರ್ಜಿ ತಿರಸ್ಕೃತವಾಗುವುದಕ್ಕಿಂತ ಲೆಕ್ಕ ಸರಿಯಾಗಿ ಬರೆಯುವುದು ಮೇಲು.

ಹವಾಮಾನ, ಎಟಿಸಿ (ವಾಯು ಸಂಚಾರ ನಿಯಂತ್ರಣ), ಮುಷ್ಕರ, ಸರ್ಕಾರದ ಆದೇಶ ಮುಂತಾದವು ಕಾರಣವಾಗಿದ್ದರೆ ಈ ಪರಿಹಾರ ಇಲ್ಲ. ಕೌಂಟರಿನಲ್ಲಿ ಸಿಗುವ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ: ‘ಆಪರೇಷನಲ್ ರೀಸನ್’. ಆ ಮಾತಿನಲ್ಲಿ ಏನು ಬೇಕಾದರೂ ಅಡಗಿರಬಹುದು. ಮೂರು ವಾರದ ನಂತರ ಬರುವ ಇಮೇಲ್‌ನಲ್ಲಿ ಅದೇ ‘ಪ್ರತಿಕೂಲ ಹವಾಮಾನ’ ಆಗಿಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಡ್ಯೂಟಿ ಮ್ಯಾನೇಜರ್ ಅವರನ್ನು ಕರೆಸಿ ಕ್ಯಾನ್ಸಲೇಷನ್ ಸರ್ಟಿಫಿಕೇಟ್ ಕೇಳುತ್ತೇನೆ. ಪಿಎನ್‌ಆರ್, ವಿಮಾನದ ಸಂಖ್ಯೆ, ರದ್ದು ಎಂದು ತಿಳಿಸಿದ ಹೊತ್ತು, ಕಾರಣ, ಈ ನಾಲ್ಕೂ ಅದರಲ್ಲಿರಬೇಕು. ಕೊಡಲು ಒಪ್ಪದಿದ್ದರೆ ಅಲ್ಲೇ ನಿಂತು ಸಂಸ್ಥೆಗೆ ಇಮೇಲ್ ಹಾಕುತ್ತೇನೆ: ‘ಇಂದು ಇಷ್ಟು ಗಂಟೆಗೆ ನಿಮ್ಮ ಕೌಂಟರಿನಲ್ಲಿ ಹೇಳಿದ ಕಾರಣ ಇದು. ತಪ್ಪಿದ್ದರೆ ತಿಳಿಸಿ.’ ಜೊತೆಗೆ ಬೋರ್ಡಿನ ಫೋಟೊ.

ಹವಾಮಾನ ಎಂದರೆ ಅದಕ್ಕೂ ದಾಖಲೆ ಉಂಟು. ನಿಲ್ದಾಣಗಳ ಹವಾಮಾನ ವರದಿಗೆ ಮೆಟಾರ್ ಎನ್ನುತ್ತಾರೆ, ಅರ್ಧ ಗಂಟೆಗೊಮ್ಮೆಯೋ ಗಂಟೆಗೊಮ್ಮೆಯೋ ಬರುತ್ತದೆ. ಅದರಲ್ಲಿ ಗಾಳಿಯ ವೇಗದ ನಂತರದ ನಾಲ್ಕು ಅಂಕಿ ಎಷ್ಟು ಮೀಟರ್ ದೂರ ಕಾಣುತ್ತಿದೆ ಎಂಬುದು. 0800 ಎಂದರೆ 800 ಮೀಟರ್, 9999 ಎಂದರೆ 10 ಕಿ.ಮೀ. ಅಥವಾ ಹೆಚ್ಚು. ಹೊರಡುವ ಊರು, ಇಳಿಯುವ ಊರು ಎರಡರದ್ದೂ ಸ್ಕ್ರೀನ್‌ಶಾಟ್ ಆಗಲೇ ತೆಗೆದಿಡಬೇಕು. ನಿಜವಾಗಿಯೂ ಮಂಜಿದ್ದರೆ ಪರಿಹಾರದ ಮಾತು ಬಿಟ್ಟು ಹಣ ವಾಪಸ್ಸಿಗಷ್ಟೇ ಬರೆಯುತ್ತೇನೆ. ಅಂಥ ಹವೆಯಲ್ಲಿ ಇಳಿಸದಿರುವುದೇ ಸರಿ.

ದೂರು ಮೊದಲು ಸಂಸ್ಥೆಯ ನೋಡಲ್ ಅಧಿಕಾರಿಗೆ, ಆಮೇಲೆ ಮೇಲ್ಮನವಿ ಅಧಿಕಾರಿಗೆ, ಅವರ ವಿಳಾಸಗಳು ವೆಬ್‌ಸೈಟಿನಲ್ಲಿರುತ್ತವೆ. ಅಲ್ಲಿಗೂ ಬಗೆಹರಿಯದಿದ್ದರೆ ಏರ್‌ಸೇವಾ, ಅದು ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್. ಏಜೆಂಟರ ಮೂಲಕ ಕೊಂಡ ಟಿಕೆಟ್ ಆದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ. ನಾವಾಗಿಯೇ ರದ್ದು ಮಾಡಿದ ‘ನಾನ್ ರಿಫಂಡಬಲ್’ ಟಿಕೆಟ್‌ನಲ್ಲೂ ತೆರಿಗೆ ಮತ್ತು ಯುಡಿಎಫ್ (ನಿಲ್ದಾಣ ಬಳಸುವ ಶುಲ್ಕ) ವಾಪಸ್ ಬರಬೇಕು. ಇದನ್ನು ಕೇಳುವವರು ಬಹಳ ಕಡಿಮೆ, ಕೇಳಿದರೆ ಬರುತ್ತದೆ. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ: 2019ರ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ. ಕಲಬುರಗಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ.