ಲೇಹ್‌ನಲ್ಲಿ ಮೊದಲ ಎರಡು ದಿನ

ಅಮ್ಮ ಮೈಸೂರಿನ ಅಂಗಡಿಯಿಂದ ತಂದಿದ್ದ ಕೋಡುಬಳೆಯ ಪೊಟ್ಟಣ, ಲೇಹ್‌ನ ನನ್ನ ಮನೆಯಲ್ಲಿ ಚೀಲ ಬಿಚ್ಚಿದಾಗ ದಿಂಬಿನ ಹಾಗೆ ಉಬ್ಬಿತ್ತು. ಅದನ್ನೇ ಅಪ್ಪನ ಕೈಗಿಟ್ಟೆ. "ಒಳಗಿರುವುದು ಊರಿನ ಗಾಳಿ. ಅದನ್ನು ಅದುಮಿ ಹಿಡಿಯುವಷ್ಟು ಒತ್ತಡ ಇಲ್ಲಿಯ ಗಾಳಿಗಿಲ್ಲ. ನಿಮ್ಮ ಎದೆಗೂ ಇದೇ ಲೆಕ್ಕ ಅಪ್ಪ, ಮಲಗಿಕೊಳ್ಳಿ" ಎಂದೆ.

ಅವರಿಗೆ ಒಪ್ಪಿಗೆಯಿರಲಿಲ್ಲ. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಮನುಷ್ಯ. ಆದರೆ ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಈ ಲೆಕ್ಕದಲ್ಲಿ ಕಾಲಿನ ಕಸುವು ನೆರವಿಗೆ ಬರುವುದಿಲ್ಲ. ಮೂರು ವರ್ಷದ ಹಿಂದೆ ಕೆಲಸಕ್ಕೆಂದು ಬಂದಿಳಿದ ದಿನವೇ ನಾನು ಪೇಟೆ ಸುತ್ತಿ ಹಳೆಯ ಅರಮನೆಯವರೆಗೆ ಹತ್ತಿ, ರಾತ್ರಿಯಿಡೀ ತಲೆ ಹಿಡಿದುಕೊಂಡು ವಾಂತಿ ಮಾಡಿದವನು. ಅಂದಿನಿಂದ ನನ್ನ ಮನೆಗೆ ಯಾರೇ ಬರಲಿ, 48 ಗಂಟೆ ಹೊಸಿಲು ದಾಟಲು ಬಿಡುವುದಿಲ್ಲ. ಬಿಸಿನೀರು, ಗಂಜಿ, ತಿಳಿಸಾರು, ನಿದ್ದೆ. ಮದ್ಯ ಬೇಡ, ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಎತ್ತರಕ್ಕೆ ಮೈ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ಊರು ಬಿಡುವ ಮೊದಲೇ ವೈದ್ಯರಲ್ಲಿ ಕೇಳಿಕೊಂಡು ಬರಬೇಕು.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮೈಸೂರಿನಲ್ಲಿ ಶೇಕಡಾ 98 ತೋರಿಸಿತ್ತು, ಆ ಸಂಜೆ ಅಪ್ಪನ ಬೆರಳಿನಲ್ಲಿ 86 ತೋರಿಸಿತು. ಹೊಸದಾಗಿ ಬಂದವರಲ್ಲಿ ಇದು ಸಾಮಾನ್ಯವೆಂದು ಗೊತ್ತಿದ್ದರೂ ನಾನು ಅವರ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡೆ. ನಡುರಾತ್ರಿ ಅವರ ಉಸಿರು ಏರುತ್ತಾ ಏರುತ್ತಾ ಹೋಗಿ, ಇಳಿದು, ಒಮ್ಮೆಲೇ ನಿಂತಿತು. ಒಂದು, ಎರಡು, ಮೂರು... ಎಂಟು ಎಣಿಸುವಷ್ಟರಲ್ಲಿ ದೊಡ್ಡದೊಂದು ಉಸಿರೆಳೆದು ಮತ್ತೆ ಶುರುವಾಯಿತು. ಎತ್ತರದ ಜಾಗದಲ್ಲಿ ಮಲಗಿದವರ ಉಸಿರು ಹೀಗೆ ಅಲೆಯಲೆಯಾಗಿ ಬರುವುದುಂಟು. ಗೊತ್ತಿದ್ದರೂ ಆ ಎಂಟು ಎಣಿಕೆಯಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಬರಿಯ ತಲೆನೋವಾದರೆ ಕಾಯಬಹುದು. ನಡೆಯುವಾಗ ಜೋಲಿ ಹೊಡೆದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯಬಾರದು. ತಕ್ಷಣ ಆಸ್ಪತ್ರೆ, ಆಮ್ಲಜನಕ. ಕೆಳಗಿಳಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಲೇಹ್‌ನಿಂದ ಇಳಿಯುವ ರಸ್ತೆ ನಡುವೆ ಇನ್ನೂ ಎತ್ತರಕ್ಕೆ ಏರುತ್ತದೆ! ಶ್ರೀನಗರದ ದಾರಿಯಲ್ಲಿ 4,108 ಮೀಟರಿನ ಫೋಟು ಲಾ ('ಲಾ' ಎಂದರೆ ಬೆಟ್ಟ ದಾಟುವ ಕಣಿವೆದಾರಿ). ಮನಾಲಿಯ ದಾರಿಯಲ್ಲಿ ತಂಗ್ಲಾಂಗ್ ಲಾ ಅದಕ್ಕಿಂತಲೂ ಎತ್ತರ. ಉಳಿಯುವುದು ವಿಮಾನ, ಮಧ್ಯಾಹ್ನ ಗಾಳಿ ಎದ್ದುಬಿಡುವುದರಿಂದ ಹೆಚ್ಚಿನ ವಿಮಾನಗಳು ಬೆಳಗಿನ ಹೊತ್ತೇ ಹೊರಡುತ್ತವೆ. ಮೊದಲ ಎರಡು ದಿನದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಅಮ್ಮನ ಚಿಂತೆ ಅಡುಗೆಮನೆಯದಾಗಿತ್ತು. ಇಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಬುಡುಬುಡು ಕುದಿಯುತ್ತಿದ್ದರೂ ತೊಗರಿಬೇಳೆ ಕಲ್ಲಿನಂತೆಯೇ ಇರುತ್ತದೆ, ಕುಕ್ಕರ್ ಇಲ್ಲದೆ ಸಾಗದು. ಹೊರಗಿನ ಒತ್ತಡವೇ ಕಡಿಮೆಯಾದ್ದರಿಂದ ಕುಕ್ಕರಿನೊಳಗಿನ ಬಿಸಿಯೂ ಊರಿನಷ್ಟಿರುವುದಿಲ್ಲ. ಮೂರು ಕೂಗಿನ ಬೇಳೆಗೆ ನಾನು ಆರು ಕೂಗು ಕೂಗಿಸುತ್ತೇನೆ, ಹಿಂದಿನ ರಾತ್ರಿಯೇ ನೆನೆಹಾಕುತ್ತೇನೆ. ಇಡ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಹತ್ತಿರವಿಟ್ಟರೆ ಜೂನ್‌ನಲ್ಲಿ ಹುಳಿ ಬರುತ್ತದೆ. ಜನವರಿಯಲ್ಲಿ ನಲ್ಲಿಯ ನೀರೇ ಹೆಪ್ಪುಗಟ್ಟುತ್ತದೆ, ಆಗ ಇಡ್ಲಿಯ ಮಾತೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಅಪ್ಪ ಎದ್ದವರೇ ಹಸಿವು ಎಂದರು. ಆ ಒಂದು ಮಾತಿಗೇ ನಾನು ಕಾದಿದ್ದೆ. ಐದನೆಯ ದಿನ ಶಾಂತಿ ಸ್ತೂಪದ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇಪ್ಪತ್ತಕ್ಕೊಮ್ಮೆ ನಿಂತು, ಮಾತಾಡದೆ, ಮುಕ್ಕಾಲು ಗಂಟೆಯಲ್ಲಿ ಹತ್ತಿದರು. ಕೆಳಗೆ ಬೋಳು ಬೆಟ್ಟಗಳ ನಡುವೆ ಪಾಪ್ಲರ್ ಮರಗಳ ಹಸಿರು ಪಟ್ಟಿ ಕಾಣುತ್ತಿತ್ತು. ಅದರೊಳಗೆ ನಮ್ಮ ಮನೆ ಯಾವುದೆಂದು ಕೇಳಿದರು. ನಾನು ತೋರಿಸಿದೆ.